ಪೊರೆಯ ಮೇಲಿನ ಮಾತುಕತೆ

ಬೆಂಗಳೂರಿನ ಜಾಲಹಳ್ಳಿಯಿಂದ ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆ ಹಿಡಿದರೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ. ಅಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸತ್ಯಜಿತ್ ಮೇಯರ್ ಮತ್ತು ಸಂಗಡಿಗರು ದಶಕಗಳ ಕಾಲ ಜೀವಕೋಶದ ಪೊರೆಯ ಬೆನ್ನು ಹತ್ತಿದರು.

ಎಂಥ ಕುಸುರಿ ಅದು! ದಪ್ಪ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲೂ ಇಲ್ಲ. ಹೊರಗಿನ ಸುದ್ದಿಯನ್ನು ಒಳಕ್ಕೆ ಮುಟ್ಟಿಸುವ ಪ್ರೋಟೀನುಗಳು ನೆಲೆಸಿರುವುದು ಅಲ್ಲೇ. ಪೊರೆಯ ಕೆಲವು ಪ್ರೋಟೀನುಗಳು ಎಲ್ಲೆಂದರಲ್ಲಿ ತೇಲದೆ ಪುಟ್ಟ ಗುಂಪುಗಳಾಗಿ ನಿಲ್ಲುತ್ತವೆ, ಪೊರೆಯಡಿಯ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳೇ ಅವನ್ನು ಒಟ್ಟುಗೂಡಿಸುತ್ತವೆ ಎಂದು ಈ ತಂಡ ತೋರಿಸಿತು. ಮೇಯರ್ ಅವರಿಗೆ 2012ರ ಇನ್ಫೋಸಿಸ್ ಪ್ರಶಸ್ತಿ ಸಂದಿತು.

ಹೀಗೆ ಪೊರೆಯ ಮೂಲಕವೇ ಕೋಶಗಳು ಸುದ್ದಿ ಹಂಚಿಕೊಳ್ಳುತ್ತವೆ; ಹೃದಯದಲ್ಲಂತೂ ಕೋಶಗಳ ಈ ನಂಟು ಇನ್ನೂ ನೇರ. ಅಕ್ಕಪಕ್ಕದ ಸ್ನಾಯುಕೋಶಗಳ ನಡುವೆ ಕನೆಕ್ಸಿನ್ ಪ್ರೋಟೀನಿನ ಸಣ್ಣ ಕಾಲುವೆಗಳಿವೆ. ವಿದ್ಯುತ್ ಸಂಕೇತ ಅವುಗಳಲ್ಲಿ ಹಾಯುವುದರಿಂದಲೇ ಕೋಟ್ಯಂತರ ಕೋಶಗಳು ಒಟ್ಟಾಗಿ ಮಿಡಿಯುತ್ತವೆ.