ಲಿಯೊನ್‌ಹಾರ್ಟ್ ಪರಂಪರೆ: ಶಾಸ್ತ್ರವೆಷ್ಟು, ಸ್ವಂತ ರುಚಿಯೆಷ್ಟು?

ಹಾರ್ಪ್ಸಿಕಾರ್ಡಿನ ಕೀಲಿಯನ್ನು ಎಷ್ಟೇ ಬಲವಾಗಿ ಒತ್ತಿದರೂ ನಾದ ದೊಡ್ಡದಾಗುವುದಿಲ್ಲ. ಒಳಗೆ ಪುಟ್ಟ ಗರಿಯೊಂದು ತಂತಿಯನ್ನು ಮೀಟುತ್ತದೆ, ಅಷ್ಟೇ. ಪೋಲೆಂಡಿನ ವಾದಕಿ ವಾಂಡಾ ಲಾಂಡೋವ್ಸ್ಕಾ ಈ ಕೊರತೆಯನ್ನು ವಾದ್ಯವನ್ನೇ ಹಿಗ್ಗಿಸಿ ತುಂಬಿಕೊಂಡರು. 1912ರಲ್ಲಿ ಪ್ಯಾರಿಸ್ಸಿನ ಪ್ಲೆಯೆಲ್ ಕಂಪನಿ ಅವರಿಗಾಗಿ ಕಟ್ಟಿದ ಭಾರೀ ಹಾರ್ಪ್ಸಿಕಾರ್ಡಿಗೆ ಪೆಡಲುಗಳಿದ್ದವು, ಮಂದ್ರಕ್ಕೆಂದೇ ಬೇರೊಂದು ತಂತಿಸಾಲಿತ್ತು. ಡಚ್ ವಾದಕ ಗುಸ್ತಾವ್ ಲಿಯೊನ್‌ಹಾರ್ಟ್ (1928–2012) ಕೊರತೆಯನ್ನು ಹಾಗೇ ಬಿಟ್ಟರು. ದೊಡ್ಡದು–ಸಣ್ಣದು ಸಾಧ್ಯವಿಲ್ಲದಿದ್ದರೆ ಬೇಗ–ತಡ ಇದೆಯಲ್ಲ! ಒತ್ತು ಬೀಳಬೇಕಾದ ಸ್ವರವನ್ನು ಕೂದಲೆಳೆಯಷ್ಟು ತಡೆದು ಬಿಡುವುದು, ಹಿಂದಿನ ಸ್ವರ ಆರುವ ಮುನ್ನವೇ ಮುಂದಿನದನ್ನು ಸೇರಿಸುವುದು: ಇಷ್ಟರಿಂದಲೇ ಕಿವಿಗೆ ಏರಿಳಿತದ ಭ್ರಮೆ ಹುಟ್ಟುತ್ತದೆ.

ಹದಿನೇಳನೆಯ ಶತಮಾನದ ಸಂಗೀತಕಾರ ಫ್ರೋಬರ್ಗರನ ಶೋಕರಚನೆಯೊಂದನ್ನು ನೋಡಿ. 1652ರಲ್ಲಿ ಪ್ಯಾರಿಸ್ಸಿನಲ್ಲಿ ಮೆಟ್ಟಿಲಿಂದ ಬಿದ್ದು ಸತ್ತ ಲ್ಯೂಟ್ ವಾದಕ ಬ್ಲಾಂಕ್ರೋಶೆಯ ನೆನಪಿಗೆ ಬರೆದದ್ದು. ಕೊನೆಯಲ್ಲಿ ಸ್ವರಗಳು ಒಂದೊಂದಾಗಿ ಇಳಿದು ಕೀಲಿಮಣೆಯ ತಳ ಸೇರುತ್ತವೆ. ಇದನ್ನು ನಾಟಕ ಮಾಡುವುದು ಸುಲಭ. ಲಿಯೊನ್‌ಹಾರ್ಟ್ ಮಾಡುವುದಿಲ್ಲ. ತಾಳಕ್ಕೆ ಕಟ್ಟುಬೀಳದ ಮಾತಿನ ಓಟದಲ್ಲಿ ನುಡಿಸುತ್ತಾ ಬಂದು, ಇಳಿಕೆಯನ್ನು ಬರಿದಾಗಿ ಇಳಿಸಿಬಿಡುತ್ತಾರೆ. ಸಾವು ಅಲ್ಲೇ ತಟ್ಟುತ್ತದೆ.

ವಿದ್ವಾಂಸರಾಗಿಯೂ ಅವರು ಸಣ್ಣವರಲ್ಲ. ಬಾಸೆಲ್‌ನ ಸ್ಕೋಲಾ ಕಾಂಟೋರಂನಲ್ಲಿ ಕಲಿತು, 1950ರಲ್ಲಿ ವಿಯೆನ್ನಾದ ಮೊದಲ ಕಛೇರಿಗೆ ಬಾಖ್‌ನ ‘ಆರ್ಟ್ ಆಫ್ ಫ್ಯೂಗ್’ ಎತ್ತಿಕೊಂಡರು. ಇಂಥ ವಾದ್ಯಕ್ಕೆಂದು ಬಾಖ್ ಎಲ್ಲೂ ಹೆಸರಿಸದ ಆ ಕೃತಿ ಹಾರ್ಪ್ಸಿಕಾರ್ಡಿಗೇ ಬರೆದದ್ದೆಂದು 1952ರ ಪುಸ್ತಕದಲ್ಲಿ ವಾದಿಸಿದರು. ಎರಡು ಕೈಗಳಿಗೆ ಅದು ಎಟಕುತ್ತದೆ ಎನ್ನುವ ಬೆರಳಿನ ಸಾಕ್ಷ್ಯವನ್ನೂ ಮುಂದಿಟ್ಟರು.

ತಕರಾರು ಶುರುವಾಗುವುದು ‘ಇತಿಹಾಸವೇ ಹೀಗೆ ಹೇಳುತ್ತದೆ’ ಎಂಬ ದನಿಯಲ್ಲಿ. ವಾದ್ಯವೃಂದ ನಿರ್ದೇಶಕ ನಿಕೋಲಾಸ್ ಹಾರ್ನೊನ್‌ಕೋರ್ಟ್ ಜೊತೆ 1971ರಿಂದ ಸುಮಾರು ಎರಡು ದಶಕ ಹೊರತಂದ ಬಾಖ್‌ನ ಕಾಂಟಾಟಾ ಎಂಬ ಚರ್ಚ್ ಗಾನಕೃತಿಗಳ ಧ್ವನಿಮುದ್ರಣಗಳಲ್ಲಿ ಹೆಣ್ಣುದನಿಯ ಜಾಗಕ್ಕೆ ಹುಡುಗರನ್ನು ಹಾಡಿಸಿದರು. ಬಾಖ್‌ನ ಕಾಲದ ಚರ್ಚಿನ ಪದ್ಧತಿ ಅದೇ ಇತ್ತು, ನಿಜ. ಆದರೆ ಉಸಿರು ಸಾಲದೆ, ಶ್ರುತಿ ಜಾರುತ್ತಾ ಒದ್ದಾಡುವ ಮಕ್ಕಳನ್ನು ಕೇಳುವಾಗ ತತ್ತ್ವ ಗೆದ್ದು ಸಂಗೀತ ಸೋತಿತೆಂದು ಎಷ್ಟೋ ಕಡೆ ಅನ್ನಿಸುತ್ತದೆ. ಇತ್ತ ಅದೇ ಲಿಯೊನ್‌ಹಾರ್ಟ್ ಬಾಖ್‌ನ ಒಂಟಿ ಪಿಟೀಲಿನ ರಚನೆಗಳನ್ನು ಹಾರ್ಪ್ಸಿಕಾರ್ಡಿಗೆ ಧಾರಾಳವಾಗಿ ಒಗ್ಗಿಸಿಕೊಂಡರು. ಬಾಖ್ ಕೂಡ ಹಾಗೆ ಮಾಡುತ್ತಿದ್ದನೆಂಬುದು ಸಮರ್ಥನೆ. ನನಗೆ ಅದು ಶುದ್ಧ ಕಲಾವಿದನ ಆಸೆ. ಆ ನುಡಿಸಾಣಿಕೆ ಚೆನ್ನಾಗಿರುವುದೂ ಅದಕ್ಕೇ.

ಇನ್ನೊಂದು ಪ್ರಸಂಗವಂತೂ ಸೊಗಸಾಗಿದೆ. ಬ್ರೆಮೆನ್‌ನ ಮಾರ್ಟಿನ್ ಸ್ಕೋವ್ರೋನೆಕ್ 1984ರಲ್ಲಿ ಇವರಿಗಾಗಿ ಫ್ರೆಂಚ್ ಮಾದರಿಯ ಹಾರ್ಪ್ಸಿಕಾರ್ಡ್ ಕಟ್ಟಿ, 1755ರ ಲೆಫೆಬ್ವ್ರ್ ಎಂಬವನ ಕೆಲಸವೆಂಬಂತೆ ಸಿಂಗರಿಸಿದರು. ಬಲ್ಲವರೂ ನಂಬಿದರು. 2002ರಲ್ಲಿ ಸ್ಕೋವ್ರೋನೆಕ್ ತಾವೇ ಲೇಖನ ಬರೆದು ಗುಟ್ಟು ಬಿಟ್ಟುಕೊಟ್ಟರು. ಹಳತೆಂದು ತಲೆದೂಗಿದ ಕಿವಿಗಳಿಗೆ ಮುಖ್ಯವಾಗಿದ್ದು ನಾದವೋ, ಇಸವಿಯೋ?

ಸಂಗೀತ ವಿದ್ವಾಂಸ ರಿಚರ್ಡ್ ಟಾರುಸ್ಕಿನ್ ಎತ್ತಿದ ಆಕ್ಷೇಪವೂ ಇದರ ಸುತ್ತಲೇ ಇದೆ: ‘ಅಧಿಕೃತ’ ಎನ್ನುವ ಈ ವಾದನ ಹದಿನೆಂಟನೆಯ ಶತಮಾನದ್ದಲ್ಲ, ಇಪ್ಪತ್ತನೆಯದರ ಆಧುನಿಕ ರುಚಿ. ಒಪ್ಪುತ್ತೇನೆ, ಆದರೆ ಅದನ್ನು ದೋಷವೆನ್ನಲಾರೆ. ‘ಆನ್ನಾ ಮಗ್ದಲೇನಾ ಬಾಖ್‌ಳ ವೃತ್ತಾಂತ’ (1968) ಸಿನಿಮಾದಲ್ಲಿ ವಿಗ್ ತೊಟ್ಟು ಬಾಖ್ ಆಗಿ ಕೂತ ಲಿಯೊನ್‌ಹಾರ್ಟ್ ಮುಖದಲ್ಲಿ ಭಾವವೇ ಕಾಣದು, ಕೈಗಳಷ್ಟೇ ಮಾತಾಡುತ್ತವೆ. ಆ ಬಿಗಿ ಅವರ ಸ್ವಭಾವವಾಗಿತ್ತು, ಯಾವ ಹಸ್ತಪ್ರತಿಯಲ್ಲೂ ಸಿಕ್ಕಿದ್ದಲ್ಲ.

ಅನುಕರಿಸಿದವರ ಕೈಯಲ್ಲಿ ಅದೇ ಬಿಗಿ ಒಣಗಿತು: ಪ್ರತಿ ಒತ್ತಿಗೂ ಒಂದೇ ಬಗೆಯ ತಡೆ, ಮುಂಚೆಯೇ ಗೊತ್ತಾಗಿಬಿಡುವ ಸಂಯಮ. ಪರಂಪರೆ ಬೆಳೆದದ್ದು ಮಾತು ಕೇಳದ ಶಿಷ್ಯರಿಂದ. ಟಾನ್ ಕೋಪ್ಮನ್ ಗುರು ಬೇಡವೆಂದ ಅಲಂಕಾರಗಳನ್ನು ತುಂಬಿ ತುಳುಕಿಸುತ್ತಾರೆ, ಕೆಲವೊಮ್ಮೆ ಅತಿಯಾಗಿಯೇ. ಪಿಯೆರ್ ಹಾಂತಾಯ್ ಸ್ಕಾರ್ಲಾಟಿಯ ರಚನೆಗಳನ್ನು ಅಪಾಯದ ಅಂಚಿಗೆ ಒಯ್ಯುತ್ತಾರೆ. ಇಬ್ಬರನ್ನೂ ಕೇಳಿದ ಮೇಲೆ ಲಾಂಡೋವ್ಸ್ಕಾರ 1933ರ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ಧ್ವನಿಮುದ್ರಣ ಹಾಕಿ ನೋಡಿ. ವಾದ್ಯ ತಪ್ಪು, ನಾದ ಲೋಹದ್ದು. ಲಯದ ಹಿಡಿತ ಮಾತ್ರ ಆಮ್‌ಸ್ಟರ್ಡ್ಯಾಮಿನ ಲಿಯೊನ್‌ಹಾರ್ಟರ ಅರ್ಧ ಶಿಷ್ಯವೃಂದಕ್ಕೆ ಇಲ್ಲದ್ದು.