‘ತೋಡಿಸಿದವರು’ ಮತ್ತು ತೋಡಿದವರು

‘ಕೆರೆಗೆ ಹಾರ’ವನ್ನು ಹೈಸ್ಕೂಲಿನಲ್ಲಿ ಓದಿದಾಗ ಅತ್ತಿದ್ದೆ. ಬಿ.ಎ.ಯಲ್ಲಿ ಮತ್ತೆ ಓದಿದಾಗ ಅಳು ಬರಲಿಲ್ಲ, ಸಿಟ್ಟು ಬಂತು. ಸಿಟ್ಟು ಭಾಗೀರಥಿಯ ಮೇಲಲ್ಲ. ಸೊಸೆಯ ಪ್ರಾಣ ದೊಡ್ಡ ಮನೆಯಲ್ಲಿ ಎಷ್ಟು ಅಗ್ಗ ಅಂತ ಆ ಹಾಡು ತೋರಿಸಿದಷ್ಟು ನಮ್ಮ ಶಿಷ್ಟ ಕಾವ್ಯ ತೋರಿಸಿಲ್ಲ. ನನ್ನ ಸಿಟ್ಟು ಒಂದು ಕ್ರಿಯಾಪದದ ಮೇಲೆ. ಗೌಡ ಕೆರೆ ‘ಕಟ್ಟಿಸಿದ’. ಕಟ್ಟಿದವರು ಯಾರು? ಮಾವನಿದ್ದಾನೆ, ಸೊಸೆಯರಿದ್ದಾರೆ, ತವರಿದೆ, ಗೆಳತಿಯಿದ್ದಾಳೆ, ದಂಡಿನಲ್ಲಿರೋ ಗಂಡ ಇದ್ದಾನೆ. ಅಗೆದವರಿಗೆ ಹೆಸರಿಲ್ಲ, ಮಾತಿಲ್ಲ.

ಕನ್ನಡದ ಈ ‘ಇಸು’ ಅನ್ನೋ ಪ್ರತ್ಯಯ ಭಾರಿ ಮೋಸದ್ದು. ಅದನ್ನು ಹಚ್ಚಿದ ಕೂಡ್ಲೆ ಬೆವರು ಒಬ್ಬನದು, ಹೆಸರು ಇನ್ನೊಬ್ಬನದು. ಸಂಸ್ಕೃತವೇನೂ ಕಡಿಮೆಯಿಲ್ಲ ಬಿಡಿ. ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ 1369ರ ಶಾಸನ, ದಿನಕ್ಕೆ ಸಾವಿರ ಆಳು ಎರಡು ವರ್ಷ ದುಡಿದರು ಅಂತ ಲೆಕ್ಕ ಕೊಡುತ್ತೆ. ಕೆರೆ ಮಾತ್ರ ವಿಜಯನಗರದ ರಾಜಕುಮಾರ ಭಾಸ್ಕರನದು. ಸಾವಿರ ಆಳು ಒಂದು ಅಂಕಿ.

ನಮ್ಮ ಹಿತ್ತಲಲ್ಲಿ ಒಂದು ಬಾವಿ ಇದೆ. ನಾನು ಹುಟ್ಟೋದಕ್ಕೆ ಮೊದಲಿನ ಒಂದು ಬೇಸಿಗೆಯಲ್ಲಿ ಅಪ್ಪ, ಚಿಕ್ಕಪ್ಪ ತೋಡಿದ್ದು. ಅಂತರ್ಜಲ ಇಳಿದಿರೋ ಕಾಲದಲ್ಲೇ ತೋಡಬೇಕು. ಮಳೆಗಾಲದಲ್ಲಿ ಸಿಕ್ಕ ನೀರನ್ನು ನಂಬಿದರೆ ಬೇಸಿಗೆಗೆ ತಳ ಕಾಣುತ್ತೆ. ಗುಂಡಗೆ ಗೆರೆ ಹಾಕಿದರು. ಯಾಕಂದ್ರೆ ಸುತ್ತಲ ಮಣ್ಣಿನ ಒತ್ತಡವನ್ನು ಗುಂಡು ತಡೆಯುತ್ತೆ, ಚೌಕದ ಗೋಡೆ ಬೇಗ ಕುಸಿಯುತ್ತೆ. ಎರಡಾಳುದ್ದ ಕೆಮ್ಮಣ್ಣು, ಅದರ ಕೆಳಗೆ ಗರಸು. ಗುದ್ದಲಿ ಬಿಟ್ಟು ಹಾರೆ ಹಿಡಿಯಬೇಕಾಯ್ತು. ಒಬ್ಬರು ಕೆಳಗೆ ಅಗೆಯೋದು, ಮೇಲಿಂದ ಅವ್ವ, ಚಿಕ್ಕವ್ವ ಮಂಕರಿ ಸೇದೋದು. ಹಗ್ಗ ಅಂಗೈ ಕಿತ್ತ ಗುರುತು ಅವ್ವನಿಗೆ ಇನ್ನೂ ಇದೆ. ದಿನಾ ಬೆಳಿಗ್ಗೆ ಇಳಿಯೋ ಮೊದಲು ಉರಿಯೋ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಬಿಡೋರು. ಆಳದಲ್ಲಿ ಕೆಟ್ಟ ಗಾಳಿ ನಿಲ್ಲುತ್ತೆ. ದೀಪ ಆರಿದರೆ ಅವತ್ತು ಯಾರೂ ಇಳಿಯೋ ಹಾಗಿಲ್ಲ. ಐದಾಳುದ್ದದಲ್ಲಿ ಗರಸು ಒದ್ದೆಯಾಯ್ತು, ಆಮೇಲೆ ಬಂಡೆಯ ಸಂದಿನಿಂದ ಜಿನುಗಿತು. ನೀರು ಕಂಡಿತು ಅಂತ ನಿಲ್ಲಿಸಲಿಲ್ಲ. ಬಂದ ನೀರನ್ನು ಸೇದಿ ಚೆಲ್ಲುತ್ತಾ ಮತ್ತೆ ಒಂದಾಳು ಇಳಿದರು.

ಹೋದ ವರ್ಷ ಈ ಬಾವಿಯ ಮೇಲೆ ಒಂದು ಪದ್ಯ ಬರೆದೆ. ಕತ್ತಲು, ಗರ್ಭ, ನೆತ್ತರು, ನೀರು ಕೊಡದ ಊರಿಗೆ ಧಿಕ್ಕಾರ, ಎಲ್ಲಾ ಇತ್ತು. ಗೋಷ್ಠಿಯಲ್ಲಿ ಚಪ್ಪಾಳೆ ಬಿತ್ತು. ಅಪ್ಪನಿಗೆ ಓದಿ ಹೇಳಿದೆ.

‘ಲಾಟೀನು ಎಲ್ಲಿ ಕಣ್ಲಾ?’ ಅಂದ. ‘ನಿನ್ ಪದ್ಯದಾಗೆ ಯಾರೂ ಅಗೀತಾನೇ ಇಲ್ವಲ್ಲ.’

ನವ್ಯದವರು ಬಾವಿಯನ್ನು ಮನಸ್ಸಿನ ಆಳ ಮಾಡಿದರು ಅಂತ ನಾವು ಬೈದದ್ದೇ ಬೈದದ್ದು. ನಾವು ಮಾಡಿದ್ದೇನು? ಅದೇ ಬಾವಿಗೆ ನೆತ್ತರು ತುಂಬಿಸಿದೆವು. ತುಂಬಿಸಿದೆವು! ಇಲ್ಲೂ ‘ಇಸು’. ಅಪ್ಪ ಯಾವತ್ತೂ ‘ತೋಡಿಸಿದೆ’ ಅನ್ನಲ್ಲ, ‘ತೋಡ್ಕಂಡೊ’ ಅಂತಾನೆ. ಆ ‘ಕಂಡೊ’ದಲ್ಲಿ ಇರೋದು ನನ್ನ ಮೂವತ್ತು ಸಾಲಿನಲ್ಲಿ ಇರಲಿಲ್ಲ.

ಆದರೆ ಗೆಳೆಯರೊಬ್ಬರು ಎತ್ತಿದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದದ್ದು ಬಾಯಾರಿಕೆಗಲ್ಲ, ಹಕ್ಕಿಗೆ. ಆ ಹಕ್ಕನ್ನು ಬೊಂಬಾಯಿ ಹೈಕೋರ್ಟು ಎತ್ತಿಹಿಡಿಯೋ ಹೊತ್ತಿಗೆ 1937 ಬಂತು. ಹಂಗಾದ್ರೆ ಕೇರಿಯೊಳಗೇ ಬಾವಿ ತೋಡಿಕೊಂಡದ್ದು ಹಿಂದಕ್ಕೆ ಸರಿದ ಹಾಗಲ್ಲವೇ? ಅವರ ಮಾತು ಸುಳ್ಳಲ್ಲ. ನಮ್ಮ ಬಾವಿಗೆ ನೀರು ಬಂದಾಗ ಊರಿನವರಿಗೂ ನಿರಾಳವಾಯ್ತಂತೆ, ಇನ್ನು ಇವರು ಊರಬಾವಿ ಕಡೆ ಸುಳಿಯಲ್ಲ ಅಂತ. ಆ ನಿರಾಳದ ಬಗ್ಗೆ ನನ್ನ ಪದ್ಯದಲ್ಲಿ ಒಂದು ಅಕ್ಷರ ಇಲ್ಲ. ಬಾವಿ ತೋಡಿದ ಹೆಮ್ಮೆ, ಬಾವಿ ತೋಡಬೇಕಾಗಿ ಬಂದ ಅವಮಾನ, ಎರಡನ್ನೂ ಒಟ್ಟಿಗೆ ಹಿಡಿಯೋ ಪದ್ಯ ಬರೆಯೋಕೆ ನನಗೆ ಇನ್ನೂ ಬಂದಿಲ್ಲ.

ಗೆಳೆಯರ ಪ್ರಶ್ನೆಯನ್ನೇ ಅಪ್ಪನ ಮುಂದೆ ಇಟ್ಟೆ. ಬೀಡಿ ಹಚ್ಚಿಕೊಂಡು ಹೇಳಿದ: ‘ಊರಬಾವಿ ತೋಡಿದ್ದು ಯಾರು ಅಂದ್ಕಂಡೆ? ನಿಮ್ ತಾತ ಇಳಿದಿದ್ದ ಅದರೊಳಕ್ಕೆ. ನೀರು ಬರೋಗಂಟ.’

ಊರಬಾವಿಯ ಕಟ್ಟೆ ಕಲ್ಲಿನಲ್ಲಿ ‘ತೋಡಿಸಿದವರು’ ಅಂತ ಒಂದು ಹೆಸರು ಕೆತ್ತಿದೆ. ತಾತನದಲ್ಲ.