ಗಂಜಾಂನ ಪುಟ್ಟ ಇಗರ್ಜಿ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದ ಬಳಿಕ, ಟಿಪ್ಪುವಿನ ಕಾಲದಲ್ಲಿ ಸೆರೆಗೂ ಬಲವಂತದ ಮತಾಂತರಕ್ಕೂ ಒಳಗಾಗಿ ಚದುರಿದ್ದ ಕ್ರೈಸ್ತರನ್ನು ಮತ್ತೆ ಒಂದು ಸಭೆಯಾಗಿ, ಎಂದರೆ ಒಂದೇ ಇಗರ್ಜಿಗೆ ಸೇರಿದ ಭಕ್ತಸಮುದಾಯವಾಗಿ, ಕೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರ ಹೆಸರನ್ನೇ ಅಲ್ಲೇ ಪಕ್ಕದ ಗಂಜಾಂನ ಕಥೋಲಿಕ ದೇವಾಲಯ ಇಂದಿಗೂ ಹೊತ್ತಿದೆ. ಫ್ರೆಂಚಿನಲ್ಲಿ ‘ಅಬ್ಬೆ’ ಎಂಬುದು ಪಾದ್ರಿಗೆ ಸಲ್ಲುವ ಬಿರುದು, ಅದರ ಮೂಲಾರ್ಥ ತಂದೆ. ಹಳೆಯ ಕನ್ನಡದಲ್ಲಿ ಅದೇ ಸದ್ದು ತಾಯಿಯನ್ನು ಸೂಚಿಸುವುದು ಸೊಗಸಾದ ಆಕಸ್ಮಿಕ. ರುಮಾಲು ಸುತ್ತಿ, ನಿಲುವಂಗಿ ತೊಟ್ಟು, ಮಾಂಸಾಹಾರ ತೊರೆದು ಬದುಕಿದ ಅವರನ್ನು ಜನ ‘ದೊಡ್ಡ ಸ್ವಾಮಿಯವರು’ ಎಂದೇ ಕರೆದರು.

ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ, ಕಂಪನಿ ಸರ್ಕಾರ 2,000 ವರಹ ಕೊಟ್ಟು ಕೊಂಡ ಅವರ ಹಸ್ತಪ್ರತಿಯೇ ಹೆಚ್ಚು ಪ್ರಸಿದ್ಧವಾದರೂ, ಅದರ ಬಹುಭಾಗ ಹಿಂದಿನ ಜೆಸ್ವಿಟ್ ಪಾದ್ರಿ ಕುರ್ದೂ ಅವರ ಬರಹದಿಂದ ಬಂದದ್ದೆಂದು ವಿದ್ವಾಂಸರು ತೋರಿಸಿರುವುದರಿಂದ, ಅವರ ಸ್ವಂತ ದುಡಿಮೆಯನ್ನು ಬೇರೆಡೆ ಹುಡುಕುವುದೇ ನ್ಯಾಯ. ಸಿಡುಬಿನ ವಿರುದ್ಧ ‘ದೇವಿ ಹಾಕುವ’ ಕೆಲಸ ಅಂಥದ್ದು: ಗೋಸಿಡುಬಿನ ಲಸಿಕೆ ಹಾಕಿದ ಮಗುವಿನ ತೋಳಿನಲ್ಲಿ ಸುಮಾರು ಎಂಟನೆಯ ದಿನ ಎದ್ದ ಗುಳ್ಳೆಯ ರಸವನ್ನು ಮೊನೆಯಿಂದ ತೆಗೆದು ಮತ್ತೊಬ್ಬರ ತೋಳಿಗೆ ಗೀರುವ ಈ ವಿಧಾನದಿಂದ, 1803–04ರಲ್ಲಿ ಅವರು 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ತಲುಪಿಸಿದರು. ಹಿಂದೂಗಳ ಮತಾಂತರ ಆಗದ ಮಾತೆಂದು ತಾವೇ ಬರೆದಿಟ್ಟು ಅವರು 1823ರಲ್ಲಿ ಪ್ಯಾರಿಸಿಗೆ ಮರಳಿದರು. ಇಗರ್ಜಿ ಮಾತ್ರ ಗಂಜಾಂನಲ್ಲೇ ಉಳಿಯಿತು.